ಭಾನುವಾರ ಬಾರದ ಕಾಯಿಲೆ

ಮನೆಯಿಂದ,
ಬುಧವಾರ, ಹತ್ತೊಂಬತ್ತನೇ ತಾರೀಕು

ಪ್ರೀತಿಯ ಮರೀ,

ಹೇಗಿದ್ದೀಯ? ನಾಯಿ ಕಚ್ಚಿದ ಕೈ ವಾಸಿಯಾಯಿತೇ? ಎಡಗೈ ತಾನೇ, ಬಲಗೈ ಅಲ್ಲವಲ್ಲ? ನಿನ್ನ ಕಾಗದದಲ್ಲಿ ಬರೀ ‘ಕೈ’ ಎಂದಿತ್ತು. ಡಾಕ್ಟರಾದವಳು ತನ್ನ ಗಾಯದ ಬಗ್ಗೆ ಬರೆಯುವಾಗ ಇಷ್ಟು ಜಿಪುಣತನ ಮಾಡಬಾರದು. ಇಂಜೆಕ್ಷನ್‌ಗಳನ್ನೆಲ್ಲ ಸರಿಯಾಗಿ ಹಾಕಿಸಿಕೊಂಡೆಯೋ, ಇಲ್ಲ ಊರಿನ ನಾಯಿಗಳಿಗೆಲ್ಲ ಹಾಕಿ ನಿನ್ನದನ್ನು ಮರೆತೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡು ತಿನ್ನುವ ಅಭ್ಯಾಸ ಬಿಡು, ಅದು ನಿನ್ನ ರೋಗಿಗಳಿಗೇ ಚೆಂದ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅಣ್ಣನಿಗೆ ಈ ತಿಂಗಳು ಮಧ್ಯಾಹ್ನದ ಪಾಳಿ, ಹಾಗಾಗಿ ನಾನು ಅವನನ್ನು ನೋಡುವುದೆಂದರೆ ಮಲಗಿರುವುದನ್ನು ನೋಡುವುದು ಅಷ್ಟೇ. ನಿನ್ನ ಅತ್ತಿಗೆ ಆರನೇ ಕ್ಲಾಸಿನ ಗಣಿತ ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಾಳೆ, ತಿಂಗಳ ಕೊನೆಗೆ ಪ್ರೆಸ್ಸಿಗೆ ಪೂರ್ತಿ ಕೊಡಬೇಕಂತೆ. ಬೆಕ್ಕು ಸಾಹುಕಾರನೂ ಚೆನ್ನಾಗಿದ್ದಾನೆ. ನಡುವೆ ಅವನಿಗೊಂದು ದೊಡ್ಡ ಅನ್ಯಾಯವಾಯಿತು, ಅದನ್ನು ಮುಂದೆ ಬರೆಯುತ್ತೇನೆ.

ಕಾಗದ ಟೈಪ್ ಆಗಿ ಬಂದಿದೆ ಎಂದು ಗಾಬರಿಯಾಗಬೇಡ. ನೀನು ಹಾಸ್ಟೆಲಿಗೆ ಹೋದ ದಿನದಿಂದ ನಾನು ನಿನಗೆ ಕೈಯಲ್ಲಿ ಬರೆಯದ ಕಾಗದ ಇದೇ ಮೊದಲು ಎಂದು ನನಗೂ ಗೊತ್ತು. ಫೋನಿನಲ್ಲಿ ನನಗೆ ಬರುವ ಮಾತು ಎರಡೇ, ಊಟ ಆಯಿತಾ ಮತ್ತು ಇಡಲಾ. ಮಿಕ್ಕಿದ್ದೆಲ್ಲ ಕಾಗದದಲ್ಲೇ. ಟೈಪ್ ಏಕೆ ಎಂಬುದಕ್ಕೆ ಒಂದು ಕಥೆ ಇದೆ, ಅದನ್ನು ಮೊದಲಿನಿಂದಲೇ ಹೇಳಬೇಕು. ನಿನ್ನ ಕ್ಲಿನಿಕ್ಕಿನ ಬೋರ್ಡಿನ ವಿಷಯವನ್ನೂ ಹೇಳುತ್ತೇನೆ. ಮೂರು ಕಾಗದದಲ್ಲಿ ಮೂರು ಸಲ ಕೇಳಿದ್ದೀಯ. ಅಪ್ಪ ಬಂದು ಅಕ್ಷರ ಬರೆಯುವ ತನಕ ಬಾಗಿಲು ತೆಗೆಯುವುದಿಲ್ಲ ಎಂದು ಹಟ ಹಿಡಿದು ಎರಡು ತಿಂಗಳಿಂದ ಕೂತಿದ್ದೀಯ, ಮೇಜು, ತಕ್ಕಡಿ, ಔಷಧಿ ಎಲ್ಲ ಬಂದು ಧೂಳು ತಿನ್ನುತ್ತಿವೆ ಎಂದೂ ಬರೆದಿದ್ದೀಯ. ಮರೆತಿಲ್ಲ ಮಗಳೇ. ಒಂದೊಂದಾಗಿ ಬರುತ್ತೇನೆ.

ನಿನಗೆ ಗೊತ್ತಲ್ಲ, ನಡುಮನೆಯ ಕಿಟಕಿಯ ಪಕ್ಕ ನಿನ್ನ ಅತ್ತಿಗೆಯ ಮೇಜು, ಅದರ ಮೇಲೆ ಕಂಪ್ಯೂಟರು, ಎದುರಿಗೆ ನನ್ನ ಬೆತ್ತದ ಕುರ್ಚಿ. ಆ ಪೆಟ್ಟಿಗೆ ಮನೆಗೆ ಬಂದ ದಿನ ನಾನು ಆಡಿದ ಮಾತೂ ನಿನಗೆ ಗೊತ್ತು. ಅಂಗಡಿ ಬೋರ್ಡುಗಳನ್ನೆಲ್ಲ ಅಚ್ಚು ಹಾಕಿ ಹಾಕಿ ನನ್ನ ಕುಂಚಗಳನ್ನು ಡಬ್ಬಿಗೆ ಸೇರಿಸಿದ್ದೇ ಅದರ ಜಾತಿಯ ಯಂತ್ರ, ನಾನಂತೂ ಅದನ್ನು ಮುಟ್ಟುವುದಿಲ್ಲ ಎಂದಿದ್ದೆ. ನಿನ್ನ ಅತ್ತಿಗೆ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಮುಟ್ಟಬೇಡಿ ಮಾವ, ಒರೆಸುವ ಕೆಲಸ ನನಗೇ ಇರಲಿ ಎಂದು ನಕ್ಕಳು. ಆರು ವರ್ಷ ನಾನು ಮಾತು ಉಳಿಸಿಕೊಂಡೆ. ಅವಳು ಬೆಳಗಿನಿಂದ ಕೂತು ಪುಟ ಜೋಡಿಸಿ, ನಾಲ್ಕು ಗಂಟೆಗೆ ರಸ್ತೆಯ ಕೊನೆಯ ಪ್ರೆಸ್ಸಿಗೆ ಹೋಗಿ ಅವತ್ತಿನ ಪುಟಗಳ ಪ್ರಿಂಟನ್ನು ತೋರಿಸಿ, ತಿದ್ದಿದ್ದನ್ನು ತೆಗೆದುಕೊಂಡು ಐದು ಗಂಟೆಗೆ ಮೊದಲೇ ವಾಪಸಾಗುತ್ತಾಳೆ. ಭಾನುವಾರ ಪ್ರೆಸ್ಸಿಗೆ ರಜ.

ಹೋದ ತಿಂಗಳು ಒಂದು ದಿನ ಅವಳು ಹಾಗೆ ಬಂದು ನೋಡಿದರೆ, ಚಾಲೂ ಬಿಟ್ಟು ಹೋಗಿದ್ದ ಕಂಪ್ಯೂಟರು ಕಪ್ಪಗೆ ಕೂತಿತ್ತು. ಗುಂಡಿ ಒತ್ತಿದರೆ ಎದ್ದಿತು, ಆದರೆ ಹೋದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ದೂರು ಹೇಳಿತು. ಭಿನ್ನರಾಶಿಯ ಆರು ಪುಟ ಹೋಗಿದ್ದವು. ಅವಳು ಬೈಯಲಿಲ್ಲ, ತಲೆ ಮೇಲೆ ಕೈ ಹೊತ್ತುಕೊಳ್ಳಲೂ ಇಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು, ಬಡಿಸಿಟ್ಟ ತಟ್ಟೆ ಆರಿಹೋಯಿತು. ನಾನು ಪೇಪರು ಅಡ್ಡ ಹಿಡಿದುಕೊಂಡು ಕೂತಿದ್ದೆ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಅದಾಗಿ ಎರಡು ದಿನಕ್ಕೆ ಮತ್ತೆ ಹಾಗೇ ಆಯಿತು, ಆಮೇಲೆ ಮತ್ತೆ. ಇವಳು ಹೋಗುವ ಮುಂಚೆ ಎಲ್ಲವನ್ನೂ ಉಳಿಸಿಟ್ಟು ಹೋಗುವುದನ್ನು ಕಲಿತಳು. ಒಂದು ಹಳೇ ನೋಟ್‌ಬುಕ್ಕಿನಲ್ಲಿ ತಾರೀಕು, ನಿಂತ ಹೊತ್ತು, ಆಗ ಏನೇನು ತೆರೆದಿತ್ತು, ಕರೆಂಟು ಇತ್ತೋ ಇಲ್ಲವೋ ಎಂದು ಬರೆದಿಡತೊಡಗಿದಳು. ನಿನ್ನ ಅಣ್ಣ ಹೊಸದು ತಂದುಬಿಡೋಣ ಎಂದ. ಕಾಯಿಲೆ ಏನೆಂದೇ ತಿಳಿಯದೆ ರೋಗಿಯನ್ನು ಬದಲಾಯಿಸುವುದು ಯಾವ ನ್ಯಾಯ, ಅದೂ ಪುಸ್ತಕದ ನಡುವೆ, ಎಂದು ಅವನ ಬಾಯಿ ಮುಚ್ಚಿಸಿದಳು. ನೀನೂ ಹಾಗೇ ಹೇಳುತ್ತಿದ್ದೆ ಅನ್ನಿಸಿತು ನನಗೆ.

ಕೊನೆಗೆ ಕಂಪ್ಯೂಟರ್ ಡಾಕ್ಟರನ್ನು ಕರೆಸಿದಳು. ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ನಿನ್ನ ಹಾಗೆ ಅವನೂ ಬಾಯಿಲ್ಲದ ರೋಗಿಗಳ ಡಾಕ್ಟರು, ನಿನಗಿಂತ ಎರಡು ಪಟ್ಟು ಮಾತು. ಮೊದಲ ಸಲ ಬಂದವನು ಪೆಟ್ಟಿಗೆಯ ಪಕ್ಕೆ ಬಿಚ್ಚಿ, ಅಂಗಳಕ್ಕೆ ಒಯ್ದು ಬ್ಲೋವರಿನಿಂದ ಧೂಳು ಊದಿದ. ಒಳಗಿನ ಫ್ಯಾನು ಕಂಬಳಿ ಹೊದ್ದಂತಿತ್ತು. ಸೆಕೆ ತಡೆಯದೆ ನಿಂತುಹೋಗುತ್ತಿದೆ ಎಂದು ತೀರ್ಪು ಕೊಟ್ಟು, ಪ್ರೊಸೆಸರಿನ ನೆತ್ತಿಗೆ ಬಿಳಿ ಪೇಸ್ಟು ಸವರಿ ಹೋದ. ಮಾರನೆಯ ದಿನ ನಾಲ್ಕು ನಲವತ್ತಕ್ಕೆ ಪೆಟ್ಟಿಗೆ ತಣ್ಣಗೆ ನಿಂತಿತು. ಎರಡನೆಯ ಸಲ ರ್‍ಯಾಮ್ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಒರೆಸುವ ರಬ್ಬರಿನಿಂದ ಅವುಗಳ ಹಲ್ಲು ಉಜ್ಜಿದ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಯಜಮಾನರೇ, ಬೆಳಕು ಕುಣೀತಾ ಇದೆ ಎಂದ. ನಿನ್ನ ಅತ್ತಿಗೆ ಟಾರ್ಚನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ಹಿಡಿದಳು. ಆಮೇಲೆ ಅವನು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನ ನೆನಪಿನ ಪರೀಕ್ಷೆ ಓಡಿಸಿದ, ಯಾರೂ ಮುಟ್ಟಬಾರದು ಎಂದು ಪಕ್ಕದಲ್ಲೇ ಕೂತ. ಅವತ್ತು ಅದು ನಿಲ್ಲಲೇ ಇಲ್ಲ. ಗೆದ್ದೆ ಎಂದು ಹೋದ, ಮರುದಿನ ಮತ್ತೆ ಬಂತು ಫೋನು. ಮೂರನೆಯ ಸಲ ಪವರ್ ಸಪ್ಲೈ ಡಬ್ಬಿಯನ್ನೇ ತೆಗೆದು ತನ್ನ ಅಂಗಡಿಯದೊಂದನ್ನು ಕೂರಿಸಿ ನೋಡಿದ. ಅದೂ ಎರಡು ದಿನ ಬಾಳಿ ಮೂರನೆಯ ಸಂಜೆ ಕೈಕೊಟ್ಟಿತು.

ನಾಲ್ಕನೆಯ ಸಲ ಬಂದಾಗ ಅವನಲ್ಲಿ ಮಾತು ಕಡಿಮೆಯಾಗಿತ್ತು. ಕಂಪ್ಯೂಟರಿನೊಳಗೆ ಅದರದೇ ದಿನಚರಿ ಇರುತ್ತದಂತೆ, ಎದ್ದದ್ದು ಮಲಗಿದ್ದೆಲ್ಲ ಬರೆದುಕೊಳ್ಳುತ್ತದಂತೆ. ಅದನ್ನು ತೆರೆದು, ನಿನ್ನ ಅತ್ತಿಗೆಯ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದ. ನಾಲ್ಕು ಮೂವತ್ತೆಂಟು, ನಾಲ್ಕು ನಲವತ್ತೊಂದು, ನಾಲ್ಕು ಮೂವತ್ತಾರು. ಒಂದು ಭಾನುವಾರವೂ ಇಲ್ಲ. ರಜ ತೆಗೆದುಕೊಳ್ಳುವ ಕಾಯಿಲೆಯನ್ನು ನಾನು ನೋಡಿಲ್ಲ ಎಂದ. ಆಮೇಲೆ ವಿವರಿಸಿದ: ನಿಜವಾಗಿ ಕ್ರ್ಯಾಶ್ ಆದರೆ ಅದು ಸಾಯುವ ಮುಂಚೆ ಒಂದು ಮಾತು ಹೇಳಿಯೇ ಸಾಯುತ್ತದೆ, ನೀಲಿ ಪರದೆ ಬರುತ್ತದೆ, ಕಾರಣ ಬರೆದ ಫೈಲು ಬಿಡುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಯುಪಿಎಸ್ ಸರಿಯಿದೆ, ಮನೆಯ ಕರೆಂಟೂ ಹೋಗಿಲ್ಲ. ‘ಇದಕ್ಕೆ ಕಾಯಿಲೆ ಇಲ್ಲ ಮೇಡಂ,’ ಎಂದ. ‘ಯಾರೋ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡ್ತಿದ್ದಾರೆ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಂಡದ್ದು ಹೆಗಲಲ್ಲ, ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಅಷ್ಟರಲ್ಲಿ ಅವನು ಮೇಜಿನ ಕೆಳಗೆ ತೂರಿದ್ದ. ಯುಪಿಎಸ್‌ನಿಂದ ಕಂಪ್ಯೂಟರಿಗೆ ಹೋಗುವ ಸ್ವಿಚ್ ಬೋರ್ಡಿನ ಮೇಲೆಲ್ಲ ಬೆರಳು ದಪ್ಪ ಧೂಳು, ಆ ಒಂದು ಸ್ವಿಚ್ ಮಾತ್ರ ಉಜ್ಜಿಟ್ಟ ತಟ್ಟೆಯ ಹಾಗೆ ಫಳಫಳ. ಪಕ್ಕದಲ್ಲಿ ನಾಲ್ಕು ಬಿಳೀ ಕೂದಲು. ಕೂದಲನ್ನು ಬೆಳಕಿಗೆ ಹಿಡಿದು ಸಾಹುಕಾರನ ಕಡೆ ನೋಡಿದ. ಮನೆ ಖಾಲಿಯಾದಾಗ ಬೆಕ್ಕು ಬೆಚ್ಚಗಿನ ಜಾಗ ಹುಡುಕಿಕೊಂಡು ಅಲ್ಲಿ ಮಲಗುತ್ತದೆ, ನೀವು ಬರುವ ಸದ್ದಿಗೆ ಎದ್ದು ಸ್ವಿಚ್ ತುಳಿಯುತ್ತದೆ, ಭಾನುವಾರ ಎಲ್ಲರೂ ಮನೆಯಲ್ಲಿದ್ದು ಮಡಿಲು ಸಿಗುವುದರಿಂದ ಅಲ್ಲಿಗೆ ಹೋಗುವುದಿಲ್ಲ ಎಂದು ಹಿಡಿದ ಎಳೆ ಬಿಡದೆ ಜೋಡಿಸಿದ. ಮನೆ ಖಾಲಿ ಎಂದಾಗ ನನ್ನನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ನೋಡು. ಮುಟ್ಟುವುದಿಲ್ಲ ಎಂದು ಆಣೆ ಮಾಡಿದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಅವತ್ತಿನಿಂದ ಸಾಹುಕಾರನಿಗೆ ನಡುಮನೆಯ ಬಾಗಿಲು ಬಂದ್. ಹೊರಗೆ ಕೂತು ಬಾಗಿಲು ಕೆರೆಯುತ್ತಿದ್ದ, ಇಟ್ಟ ಹಾಲನ್ನು ಮೂಸಿ ಬಿಡುತ್ತಿದ್ದ. ನನ್ನ ಪಾಡು ಅತ್ತ ದರಿ ಇತ್ತ ಪುಲಿ. ನಾನು ಸುಮ್ಮನಿದ್ದರೆ ಕಂಪ್ಯೂಟರು ನಿಲ್ಲುವುದಿಲ್ಲ, ಬೆಕ್ಕೇ ಕಳ್ಳ ಎಂದು ಸಾಬೀತಾಗುತ್ತದೆ. ಮತ್ತೆ ಅದರ ಮುಂದೆ ಕೂತೆನೋ, ಬೆಕ್ಕು ಬಿಡುಗಡೆ, ನಾನು ಒಳಗೆ. ಮೂರು ದಿನ ಹೇಡಿಯಂತೆ ಸುಮ್ಮನಿದ್ದೆ. ನೋಡಿದಿರಾ ಎಂದು ಡಾಕ್ಟರು ಫೋನಿನಲ್ಲೇ ಬೀಗಿದ. ನಾಲ್ಕನೆಯ ದಿನ ನಿನ್ನ ಮೂರನೆಯ ಕಾಗದ ಬಂತು, ಬೋರ್ಡಿಗೆ ಜಾಗ ಬಿಟ್ಟು ಗೋಡೆಗೆ ಬಣ್ಣ ಹೊಡೆಸಿದ್ದೇನೆ ಎಂದು. ತಡೆಯಲಾಗಲಿಲ್ಲ. ನಾಲ್ಕು ಗಂಟೆಗೆ ಅವಳು ಹೊರಟ ಕೂಡಲೇ ಕೂತೆ, ನಾಲ್ಕು ನಲವತ್ತಕ್ಕೆ ಗೇಟಿನ ಸದ್ದಾಯಿತು, ಬೆಕ್ಕು ಅಂಗಳದಲ್ಲಿ ಅವಳ ಕಾಲು ಸುತ್ತುತ್ತಿರುವಾಗಲೇ ಇಲ್ಲಿ ಕಂಪ್ಯೂಟರು ನಿಂತಿತು.

ಹೌದು ಮರೀ, ನಾನೇ. ನೀನು ಆಗಲೇ ನಗುತ್ತಿರಬೇಕು. ಪೇಪರು ಅಡ್ಡ ಹಿಡಿದು, ಅವಳು ಯಾವುದನ್ನು ಒತ್ತಿ ಯಾವುದನ್ನು ತೆರೆಯುತ್ತಾಳೆ ಎಂದು ವಾರಗಟ್ಟಲೆ ನೋಡಿ ಕಲಿತೆ. ನಿನಗೆ ಒಂದು ಕಾಗದ ಟೈಪ್ ಮಾಡಬೇಕಿತ್ತು ಅಷ್ಟೇ. ಆರು ವರ್ಷ ಬೈದ ಯಂತ್ರದ ಮುಂದೆ ಒಂದು ಬೆರಳು ಚಾಚಿ ಕೂತಿರುವುದನ್ನು ಸೊಸೆ ನೋಡಿಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಗೇಟಿನ ಚಿಲಕದ ಸದ್ದು ಕೇಳಿದ ಕೂಡಲೇ ಕಾಲಿನ ಹೆಬ್ಬೆರಳಿನಿಂದ ಸ್ವಿಚ್ ಆಫ್, ಮತ್ತೆ ಆನ್, ಅವಳು ಚಪ್ಪಲಿ ಬಿಡುವಷ್ಟರಲ್ಲಿ ನಾನು ಬೆತ್ತದ ಕುರ್ಚಿಯಲ್ಲಿ. ನಲವತ್ತು ವರ್ಷ ಏಣಿಯ ಮೇಲೆ ನಿಂತು ಕೆಲಸ ಮಾಡಿದವನ ಹೆಬ್ಬೆರಳು, ಕೈಯಷ್ಟೇ ಬುದ್ಧಿ ಅದಕ್ಕೆ. ಸರಿಯಾಗಿ ಮುಚ್ಚುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ಆ ಆರು ಪುಟ ಹೋದದ್ದು ನನ್ನಿಂದ ಎಂಬುದು ಈಗಲೂ ಚುಚ್ಚುತ್ತದೆ. ನಿನ್ನ ಅಮ್ಮ ಇದ್ದಿದ್ದರೆ ಮೊದಲ ದಿನವೇ ನನ್ನ ಮುಖ ನೋಡಿ ಏನು ಮಾಡಿದಿರಿ ಎಂದು ಕೇಳಿರುತ್ತಿದ್ದಳು.

ಟೈಪ್ ಮಾಡುವುದೆಂದರೆ ಏನು ಅಂದುಕೊಂಡಿದ್ದೀಯ. ಪ ಒತ್ತಿ, ನಡುವೆ ಇನ್ನೊಂದು ಕೀ ಒತ್ತಿ, ರ ಒತ್ತಿದರೆ ಒತ್ತಕ್ಷರ ತಾನೇ ಕೆಳಗಿಳಿದು ಹೇಳಿದ ಜಾಗದಲ್ಲಿ ಕೂರುತ್ತದೆ. ನಾನು ಗುರುಗಳ ಬೈಗುಳ ತಿಂದು ಎರಡು ವರ್ಷ ತಿದ್ದಿ ಕಲಿತದ್ದು ಅದಕ್ಕೆ ಕಣ್ಣು ಮಿಟುಕಿಸುವ ಕೆಲಸ. ಮೊದಮೊದಲು ಆ ಕೀಬೋರ್ಡಿಗೆ ಧಾರಾಳತನ ಜಾಸ್ತಿ ಇತ್ತು, ಒಂದು ಯ ಕೇಳಿದರೆ ನಾಲ್ಕು ಕೊಡುತ್ತಿತ್ತು. ‘ಪ್ರೀತಿಯಯಯಯ’ ಎಂದು ಬಂದದ್ದನ್ನು ಅಳಿಸುವಷ್ಟರಲ್ಲಿ ಅರ್ಧ ಹೊತ್ತು ಹೋಗುತ್ತಿತ್ತು. ಹಾಗಾಗಿ ಒಂದು ದಿನವೂ ಐದು ಸಾಲು ದಾಟಲಿಲ್ಲ.

ಸಿಕ್ಕಿಬಿದ್ದದ್ದು ಹೇಗೆ ಕೇಳು. ಬೆಕ್ಕು ನಿರಪರಾಧಿ ಎಂದು ಕಣ್ಣಾರೆ ಕಂಡ ಮೇಲೆ ನಿನ್ನ ಅತ್ತಿಗೆ ಡಾಕ್ಟರನ್ನು ಕರೆಯಲಿಲ್ಲ. ಕಂಪ್ಯೂಟರಿನ ದಿನಚರಿಯನ್ನು ತಾನೇ ತೆರೆದು, ನಿಲ್ಲುವ ಮುಂಚೆ ಏನು ತೆರೆದಿತ್ತು ಎಂದು ನೋಡಿದಳು. ಪುಸ್ತಕ ಟೈಪ್ ಮಾಡಿ ಮುಗಿಸಿದ ಮೇಲೆ ಅವಳು ಮುಟ್ಟದಿದ್ದ ಟೈಪಿಂಗ್ ಸಾಫ್ಟ್‌ವೇರು. ಅದನ್ನು ತೆರೆದರೆ ಎಡಗಡೆ ಒಂದು ಪಟ್ಟಿ. ಉಳಿಸದೆ ಹೋದ ಬರಹಗಳನ್ನು ಅದು ಆಗಾಗ ತಾನೇ ನಕಲು ತೆಗೆದಿಟ್ಟುಕೊಳ್ಳುತ್ತದಂತೆ, ಹದಿನೇಳು ಇದ್ದವು. ಆ ಪಟ್ಟಿ ನನಗೂ ದಿನಾ ಕಾಣುತ್ತಿತ್ತು. ಅವಳ ಕೆಲಸದ ಕಾಗದ ಇರಬೇಕು, ಬೇರೆಯವರದನ್ನು ಓದಬಾರದು ಎಂದು ಕಣ್ಣು ಹಾಯಿಸದೆ ಬಿಡುತ್ತಿದ್ದೆ. ನನ್ನ ಮರ್ಯಾದೆಯೇ ನನ್ನನ್ನು ಹಿಡಿದುಕೊಟ್ಟಿತು. ಕಣ್ಣು ಮುಚ್ಚಿ ಹಾಲು ಕುಡಿದದ್ದು ಸಾಹುಕಾರನಲ್ಲ, ನಾನು.

ಅವತ್ತು ಅವಳು ಬೆಕ್ಕನ್ನು ಎತ್ತಿಕೊಂಡು ಬಂದು ಮೇಜಿನ ಕೆಳಗೆ ಬಿಟ್ಟಳು, ಇನ್ನು ಬರುವುದು ಬೇಡ, ವಾಸಿಯಾಯಿತು ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಿದಳು. ಮಾರನೆಯ ದಿನ ನಾಲ್ಕು ಗಂಟೆಗೆ ನಾನು ಹೋಗಿ ಕೂತರೆ ಕುರ್ಚಿಗೆ ದಿಂಬು ಬಂದಿತ್ತು. ಪರದೆಯ ಮೇಲೆ ಅಕ್ಷರಗಳು ಬೋರ್ಡಿನ ಅಕ್ಷರದಷ್ಟು ದಪ್ಪಗಾಗಿದ್ದವು. ಕೀಬೋರ್ಡಿಗೂ ಬುದ್ಧಿ ಬಂದಿತ್ತು, ಹೇಗೆ ಒತ್ತಿದರೂ ಒಂದಕ್ಕೆ ಒಂದೇ. ಖುಷಿಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗೇಟು ಎಂದಿಗಿಂತ ಜೋರಾಗಿ ಸದ್ದು ಮಾಡಿತು. ಹೆಬ್ಬೆರಳು ಚಾಚಿದೆ, ಸ್ವಿಚ್ ಸಿಗಲಿಲ್ಲ. ಆ ಕಡೆ ತಡಕಿದೆ, ಈ ಕಡೆ ತಡಕಿದೆ, ಸಾಹುಕಾರನ ಬಾಲ ಸಿಕ್ಕಿತು. ತಲೆ ಎತ್ತಿದರೆ ಅವಳು ಬಾಗಿಲಲ್ಲಿ ನಿಂತಿದ್ದಾಳೆ.

‘ಕಾಲಲ್ಲಿ ಹುಡುಕಬೇಡಿ ಮಾವ, ಬೆಳಿಗ್ಗೆ ನೀವು ಹೊರಗೆ ಹೋದಾಗ ಸ್ವಿಚ್ಚನ್ನ ಗೋಡೆ ಮೇಲೆ ಹಾಕಿಸಿದ್ದೀನಿ,’ ಎಂದಳು. ‘ನಿಧಾನವಾಗಿ ಬರೆದು ಮುಗಿಸಿ. ನನ್ನ ಪುಟ ಆಮೇಲೆ ಆಗತ್ತೆ.’

ಹೊಟ್ಟೆ ತುಂಬ ನಗು, ಮುಖದಲ್ಲಿ ಮಾತ್ರ ಗಣಿತ ಮೇಷ್ಟ್ರ ಗಾಂಭೀರ್ಯ. ನನಗೆ ಅವಮಾನ ಆಗಬೇಕಿತ್ತು, ಆಗಲಿಲ್ಲ. ಆ ಹುಡುಗಿಯ ಮೇಲೆ ಎಷ್ಟು ಅಕ್ಕರೆ ಬಂತೆಂದರೆ ಬರೆಯಲು ಬರುವುದಿಲ್ಲ. ಆರು ಪುಟದ ವಿಷಯ ಎತ್ತಿ ಕ್ಷಮೆ ಕೇಳಹೋದರೆ, ಎರಡನೇ ಸಲ ಜೋಡಿಸಿದ್ದೇ ಚೆನ್ನಾಗಿ ಬಂದಿದೆ ಎಂದು ಮಾತು ಹಾರಿಸಿದಳು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಉಳಿಸುವುದು ಹೇಗೆ, ಮುಚ್ಚುವುದು ಹೇಗೆ ಎಂದು ಎರಡು ಸಲ ತೋರಿಸಿದಳು. ಅಂದಿನಿಂದ ನಾಲ್ಕರಿಂದ ಐದರವರೆಗೆ ಆ ಮೇಜು ನನ್ನದು. ಈ ಕಾಗದವನ್ನು ನಾಲ್ಕು ದಿನದಿಂದ ಕುಟ್ಟುತ್ತಿದ್ದೇನೆ, ಕಂಪ್ಯೂಟರು ಒಂದು ಸಲವೂ ನಿಂತಿಲ್ಲ. ಡಾಕ್ಟರು ರಸ್ತೆಯಲ್ಲಿ ಸಿಕ್ಕಿ, ಕೊನೆಗೂ ಏನಾಗಿತ್ತು ಯಜಮಾನರೇ ಎಂದು ಕೇಳಿದ. ವಯಸ್ಸಾಗಿತ್ತು ಕಣಪ್ಪ ಎಂದೆ. ತಲೆಯಾಡಿಸಿಕೊಂಡು ಹೋದ.

ಬೋರ್ಡಿನ ವಿಷಯ ಹೇಳುತ್ತೇನೆ ಎಂದಿದ್ದೆ. ಗಂಟೆ ಐದಾಗುತ್ತ ಬಂತು, ಅವಳ ಮೇಜು ಅವಳಿಗೆ ಬಿಡಬೇಕು. ಅಣ್ಣ ಅತ್ತಿಗೆ ನಿನ್ನನ್ನು ತುಂಬ ಕೇಳಿದ್ದಾರೆ. ಸಾಹುಕಾರ ಏನೂ ಕೇಳಿಲ್ಲ, ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾನೆ. ನೀನು ಕೈಯಿಟ್ಟ ಪ್ರಾಣಿಗಳೆಲ್ಲ ಎದ್ದು ಓಡಾಡಲಿ, ನಿನ್ನ ಬಾಗಿಲಿಗೆ ಬಂದವರು ನಗುತ್ತ ವಾಪಸಾಗಲಿ. ನೂರು ಕಾಲ ಚೆನ್ನಾಗಿರು ಮಗಳೇ.

ಒಂದೇ ಬೆರಳಿನಲ್ಲಿ ಇಷ್ಟು ದೂರ ಬಂದ,
ನಿನ್ನ ಅಪ್ಪ

ವಿ.ಸೂ.: ಇಷ್ಟನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ನೀನು ಕಣ್ಣಿಂದಲೇ ನೋಡಲಿ ಎಂದು. ಬಸ್ಸಿನಲ್ಲಿ ಕೂತು ಬರೆದದ್ದಲ್ಲ ಮರೀ, ಮೇಜಿನ ಮೇಲಿಟ್ಟೇ ಬರೆದದ್ದು. ಎಂಟು ತಿಂಗಳಿಂದ ಬಲಗೈ ನಡುಗುತ್ತಿದೆ. ಮನುಷ್ಯರ ಡಾಕ್ಟರಿಗೆ ತೋರಿಸಿದ್ದೇನೆ, ಪ್ರಾಣಕ್ಕೇನೂ ಭಯವಿಲ್ಲವಂತೆ, ಗೆರೆ ಮಾತ್ರ ನಿಲ್ಲುವುದಿಲ್ಲ. ಅಲ್ಲಿಗೆ ಬರದಿರಲು ಸೊಂಟನೋವು, ಬಿಸಿಲು, ಬಸ್ಸು ಎಂದು ನಿನಗೆ ಬರೆದದ್ದೆಲ್ಲ ನೆಪ. ಆ ಕಾಗದಗಳಲ್ಲಿ ಅಕ್ಷರ ನೆಟ್ಟಗೆ ಬರಲು ಒಂದೊಂದು ಪುಟಕ್ಕೆ ಎರಡೆರಡು ದಿನ ಹಿಡಿದಿತ್ತು, ಕೊನೆಗೆ ಅದೂ ಆಗದೆ ಟೈಪ್ ಕಲಿತೆ. ಕೀಬೋರ್ಡು ಒಂದಕ್ಕೆ ನಾಲ್ಕು ಕೊಟ್ಟದ್ದೂ ಅದರ ಧಾರಾಳವಲ್ಲ. ನಿನ್ನ ಅತ್ತಿಗೆ ಆ ಹದಿನೇಳನ್ನೂ ಓದಿದ್ದಾಳೆ, ಎಲ್ಲವೂ ‘ಬೋರ್ಡಿನ ವಿಷಯಕ್ಕೆ ಬಂದರೆ’ ಎಂಬಲ್ಲಿಗೆ ಬಂದು ನಿಂತಿದ್ದವು. ನಿನ್ನೆ ಕಾಫಿ ಕೊಡುತ್ತ, ‘ಹೇಳಿಬಿಡಿ ಮಾವ, ಅವಳು ಬಾಗಿಲು ಹಾಕ್ಕೊಂಡು ಕಾಯ್ತಾ ಇದ್ದಾಳೆ,’ ಎಂದಳು. ಅದಕ್ಕೇ ಹೇಳುತ್ತಿದ್ದೇನೆ. ಬೋರ್ಡು ನಾನು ಬರೆಯಲಾರೆ. ಆದರೂ ಮುಂದಿನ ವಾರ ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಲಗೆಗೆ ಬಿಳಿ ಬಣ್ಣ ಎರಡು ಕೋಟು ಹೊಡೆಸಿ ಒಣಗಿಸಿಡು, ಎದುರಿಗೆ ನನಗೊಂದು ಕುರ್ಚಿ ಹಾಕು. ಗೆರೆ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೂತು ಹೇಳುತ್ತೇನೆ, ಬರೆಯುವವಳು ನೀನು. ಒದೆಯುವ ಹಸುವಿಗೆ ಇಂಜೆಕ್ಷನ್ ಕೊಡುವ ಕೈ ನಿನ್ನದು, ಅಲುಗದು. ಕಚ್ಚಿದ್ದು ಎಡಗೈ ತಾನೇ ಎಂದು ಮೊದಲೇ ಕೇಳಿದ್ದು ಅದಕ್ಕೇ. ನೀನು ಏಳು ವರ್ಷದವಳಿದ್ದಾಗ ಏಣಿಯ ಕೆಳಗೆ ನಿಂತು ಒಂದೇ ಒಂದು ಗೆರೆ ಎಳೆಯುತ್ತೇನೆ ಎಂದು ಅತ್ತಿದ್ದೆ, ಹಾಳುಮಾಡುತ್ತೀಯ ಎಂದು ನಾನು ಕೊಡಲಿಲ್ಲ. ಆ ಕುಂಚವನ್ನೇ ತರುತ್ತಿದ್ದೇನೆ.